ಮಣಿಯಿಂದ ಚುಕ್ಕಿಗೆ

ನಮ್ಮ ಮನೆಯ ಕೋವಿಯಲ್ಲಿ ಗುರಿ ಹಿಡಿಯಲು ಇದ್ದದ್ದು ಒಂದು ಹಿತ್ತಾಳೆ ಮಣಿ, ಅಷ್ಟೆ. ಒಂಟಿ ನಳಿಗೆಯ 12 ಬೋರ್ ಕೋವಿ, ನಳಿಗೆಯ ತುದಿಯಲ್ಲಿ ಕರಿಮೆಣಸಿಗಿಂತ ಚಿಕ್ಕದಾದ ಆ ಮಣಿ. ಹಿಂಭಾಗದಲ್ಲಿ ಅದಕ್ಕೆ ಜೋಡಿಯಾಗಿ ಏನೂ ಇರಲಿಲ್ಲ; ನೋಡುವವನ ಕಣ್ಣೇ ಜೋಡಿ. ಕೆನ್ನೆಯನ್ನು ಮರದ ಹಿಡಿಗೆ ಪ್ರತಿ ಸಲವೂ ಅದೇ ಜಾಗದಲ್ಲಿ ಒತ್ತಬೇಕು, ಕಣ್ಣು ಒಂದು ನೂಲು ಮೇಲೆದ್ದರೆ ಗುಂಡೂ ಮೇಲೇಳುತ್ತದೆ ಎಂದು ಅಜ್ಜ ಹೇಳಿಕೊಟ್ಟಿದ್ದರು.

ಈಗ ಟೆಕ್ಸಸ್‌ನಲ್ಲಿದ್ದೇನೆ. ನನ್ನ ಪಿಸ್ತೂಲಿನ ಮೇಲೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಗಾಜಿನ ಗೂಡು ಕೂತಿದೆ, ಅದರೊಳಗೆ ಒಂದು ಕೆಂಪು ಚುಕ್ಕಿ. ಅದನ್ನು ಆರಿಸಿಕೊಳ್ಳಲು ನನಗೆ ಕೆಲವು ವರ್ಷ ಹಿಡಿಯಿತು. ಆ ವರ್ಷಗಳಲ್ಲಿ ಬಂದೂಕಿನ ವಿಚಾರಕ್ಕಿಂತ ಹೆಚ್ಚಾಗಿ ನನ್ನ ಕಣ್ಣಿನ ವಿಚಾರ ಕಲಿತೆ. ಅಜ್ಜನ ಕಣ್ಣಿನ ವಿಚಾರವೂ ಆಗಲೇ ಗೊತ್ತಾದದ್ದು.

1976ರ ಕೈಲ್ ಪೊಳ್ದ್. ನನಗೆ 12 ವರ್ಷ. ಕೊಡಗಿನಲ್ಲಿ ನಾಟಿ ಮುಗಿದು ಸೆಪ್ಟೆಂಬರ್ 3 ಬಂತೆಂದರೆ ಆಯುಧಗಳಿಗೆ ಪೂಜೆ. ಮನೆಯ ಪೂಜೆಯ ಕೋಣೆ ಕನ್ನಿಕೋಂಬರೆಯಲ್ಲಿ ಕೋವಿ, ಒಡಿಕತ್ತಿ, ಪೀಚೆಕತ್ತಿ ಸಾಲಾಗಿ ಇಟ್ಟು, ಕೋವಿಯ ನಳಿಗೆಗೆ ಕೆಂಪು ಹಳದಿ ಬಣ್ಣದ ತೋಕ್‌ಪೂ ಹೂವು ಸಿಕ್ಕಿಸಿ ಕೈ ಮುಗಿಯುವುದು. ಕಡಂಬುಟ್ಟು, ಪಂದಿ ಕರಿ ಊಟ. ಆಮೇಲೆ ಎತ್ತರದ ಮರಕ್ಕೆ ಸುಲಿದ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪಂದ್ಯ. ನಮ್ಮಲ್ಲಿ ಒಂಟಿ ಗುಂಡಿನ ತೋಟೆಯಲ್ಲೇ ಹೊಡೆಯಬೇಕೆಂಬ ಪದ್ಧತಿ. ಆ ವರ್ಷ ಅಜ್ಜ ಮೊದಲಿನಂತೆ ಮುಂದೆ ಬಂದರು, ಕೋವಿ ಎತ್ತಿದರು, ಬಹಳ ಹೊತ್ತು ಹಿಡಿದುಕೊಂಡೇ ಇದ್ದರು. ಹೊಡೆಯದೆ ಇಳಿಸಿ ಕೊನೆಯ ಚಿಕ್ಕಪ್ಪನ ಕೈಗೆ ಕೊಟ್ಟರು. ಚಿಕ್ಕಪ್ಪ ಮೊದಲ ಗುಂಡಿಗೇ ಕಾಯಿ ಒಡೆದರು. ಹಿರಿಯರು ಎಂದರೆ ಹೀಗಿರಬೇಕು, ಕಿರಿಯರಿಗೆ ಜಾಗ ಬಿಟ್ಟುಕೊಟ್ಟರು ನೋಡಿ ಎಂದು ನೆರೆದವರೆಲ್ಲ ಹೊಗಳಿದರು. ಅಜ್ಜ ಏನೂ ಮಾತಾಡಲಿಲ್ಲ. ಮುಂದೆ ಯಾವತ್ತೂ ಅವರು ಕಾಯಿಗೆ ಗುರಿ ಇಡಲಿಲ್ಲ. ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಆಕಾಶಕ್ಕೆ ಹಾರಿಸುವ ಗುಂಡನ್ನು ಮಾತ್ರ ಕೊನೆಯವರೆಗೂ ತಾವೇ ಹಾರಿಸಿದರು. ಅವರು ತೀರಿಕೊಂಡಾಗ ಅದೇ ಕೋವಿಯಿಂದ, ನಮ್ಮ ಪದ್ಧತಿಯಂತೆ, ಒಂದರ ಹಿಂದೊಂದು ಎರಡು ಗುಂಡು ಹಾರಿಸಿ ಊರಿಗೆ ತಿಳಿಸಿದರು.

ಆ ಕಾಲದ್ದೆಲ್ಲ ಚೆನ್ನಾಗಿತ್ತು ಎನ್ನುವವನಲ್ಲ ನಾನು. ಆ ಕೋವಿ ಗೋಡೆಯ ಗೂಟದಲ್ಲಿ ನೇತಾಡುತ್ತಿತ್ತು, ತೋಟೆಗಳು ಕೆಳಗಿನ ಪೆಟ್ಟಿಗೆಯಲ್ಲಿ ಬೀಗವಿಲ್ಲದೆ ಇರುತ್ತಿದ್ದವು. ಮನೆಯಲ್ಲಿ ಏಳು ಮಕ್ಕಳು. ಏನೂ ಆಗಲಿಲ್ಲ ಎಂಬುದು ನಮ್ಮ ಅದೃಷ್ಟ. ಕೊಡಗಿನಲ್ಲಿ ವಂಶಪಾರಂಪರ್ಯ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೊಡವರಿಗೂ ಬ್ರಿಟಿಷರ ಕಾಲದಿಂದ ಕೋವಿ ಪರವಾನಗಿಯ ವಿನಾಯಿತಿ ಇದೆ. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಆ ವಿನಾಯಿತಿ ಬೇಕು ಎನ್ನುವವರಲ್ಲಿ ನಾನೂ ಒಬ್ಬ. ಆದರೆ ಕಾಗದದಿಂದ ವಿನಾಯಿತಿ ಸಿಕ್ಕವರಿಗೆ ಬೀಗದಿಂದ ವಿನಾಯಿತಿ ಇರಬಾರದು. ಇಲ್ಲಿ ನನ್ನ ಪಿಸ್ತೂಲು ಉಕ್ಕಿನ ಸೇಫಿನಲ್ಲಿರುತ್ತದೆ.

ಮಡಿಕೇರಿಯಲ್ಲಿ ಕಾಲೇಜಿಗೆ ಸೇರಿದಾಗ ಎನ್‌ಸಿಸಿಯ ಪಾಯಿಂಟ್ ಟೂ ಟೂ ರೈಫಲ್ ಕೈಗೆ ಬಂತು. ಕಲಿಸುತ್ತಿದ್ದ ಹವಾಲ್ದಾರರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು ‘ದುರುಸ್ತ್ ಶಿಸ್ತ್’. ಹಿಂದಿನ ಸೈಟು, ಮುಂದಿನ ಸೈಟಿನ ತುದಿ, ಗುರಿ, ಮೂರೂ ಒಂದು ಗೆರೆಯಲ್ಲಿ ಬರಬೇಕು. ಕಣ್ಣು ಒಂದೇ ಹೊತ್ತಿಗೆ ಮೂರು ದೂರಗಳನ್ನು ಸ್ಪಷ್ಟವಾಗಿ ನೋಡಲಾರದು; ಆದ್ದರಿಂದ ಮುಂದಿನ ತುದಿ ಮಾತ್ರ ಚೊಕ್ಕ ಕಾಣಲಿ, ಗುರಿ ಮಸುಕಾದರೆ ಆಗಲಿ ಎನ್ನುವುದು ಪಾಠ. ಹದಿನೆಂಟರ ಕಣ್ಣಿಗೆ ಅದು ಯಾವ ಲೆಕ್ಕ?

1994ರಲ್ಲಿ ಕೆಲಸದ ಮೇಲೆ ಅಮೆರಿಕಕ್ಕೆ ಬಂದೆ. ಪಿಸ್ತೂಲು ಕೊಂಡದ್ದು ಪೌರತ್ವ ಸಿಕ್ಕ ಮೇಲೆ, ಕ್ಲಬ್ಬಿನ ತಿಂಗಳ ಪಂದ್ಯಕ್ಕೆ ಹೋಗಲೆಂದು. ಚೆನ್ನಾಗಿಯೇ ಹೊಡೆಯುತ್ತಿದ್ದೆ. 2016ರಲ್ಲಿ, 52ನೇ ವಯಸ್ಸಿಗೆ, ಅಂಕ ಬೀಳತೊಡಗಿತು. ಅಭ್ಯಾಸ ಸಾಲದೆಂದು ಇನ್ನಷ್ಟು ಗುಂಡು ಸುಟ್ಟೆ. ಒಂದು ದಿನ ರೇಂಜಿನಲ್ಲಿ ಪಿಸ್ತೂಲು ಚಾಚಿ ನಿಂತಾಗ ಮುಂದಿನ ಸೈಟು ಎಲ್ಲಿದೆಯೆಂದೇ ತಿಳಿಯಲಿಲ್ಲ, ಹಿಂದಿನ ಸೀಳಿನ ನಡುವೆ ಹೊಗೆಯಂಥದ್ದೇನೋ ತೇಲುತ್ತಿತ್ತು. ಚಾಳೀಸು. ಪೇಪರ್ ಓದುವ ಕನ್ನಡಕ ಹಾಕಿಕೊಂಡವನಿಗೆ ತೋಳಿನುದ್ದದ ದೂರವೂ ಕೈಬಿಟ್ಟಿದೆ ಎಂಬುದು ಹೊಳೆದಿರಲಿಲ್ಲ.

ಅಜ್ಜ ಬಿಟ್ಟುಕೊಟ್ಟದ್ದು ಜಾಗವನ್ನಲ್ಲ, ಅವರಿಗೆ ಮಣಿ ಕಾಣುತ್ತಿರಲಿಲ್ಲ ಎಂದು ಅವತ್ತು, ನಲವತ್ತು ವರ್ಷದ ಮೇಲೆ, ಗೊತ್ತಾಯಿತು. ಲೆಕ್ಕ ಹಾಕಿ ನೋಡಿದೆ. ಮಣಿ ಹೆಚ್ಚುಕಡಿಮೆ 3 ಮಿಲಿಮೀಟರ್, ಕಣ್ಣಿನಿಂದ 1 ಮೀಟರ್ ದೂರ. 40 ಮೀಟರ್ ಆಚೆಗೆ ಅದು 12 ಸೆಂಟಿಮೀಟರ್ ಜಾಗ ಮುಚ್ಚುತ್ತದೆ. ಸುಲಿದ ಕಾಯಿಯ ಗಾತ್ರವೇ ಅಷ್ಟು. ಮಣಿ ಚೊಕ್ಕ ಕಂಡರೆ ಕಾಯಿಯನ್ನು ಅದರ ನೆತ್ತಿಯ ಮೇಲೆ ಕೂರಿಸಬಹುದು. ಮಸುಕಾಗಿ ಹಿಗ್ಗಿದರೆ ಕಾಯಿ ಎಲ್ಲಿ, ಮಣಿ ಎಲ್ಲಿ?

ರೆಡ್ ಡಾಟ್‌ಗೆ ಬಂದದ್ದು ಹೀಗೆ. ಅದರ ಮೂಲ ಉಪಾಯ ಹಳೆಯದು. ಡಬ್ಲಿನ್‌ನಲ್ಲಿ ದೂರದರ್ಶಕ ಮಾಡುತ್ತಿದ್ದ ಹೊವಾರ್ಡ್ ಗ್ರಬ್ 1900ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ 15 ಇಂಚಿನ ದೂರದರ್ಶಕ ಆ ಗ್ರಬ್ ಕಾರ್ಖಾನೆಯದೇ. ನಕ್ಷತ್ರ ನೋಡುವವರ ಗಾಜಿನ ಕಸುಬೇ ಬಂದೂಕಿನ ತಲೆಗೂ ಏರಿತು. ಬ್ಯಾಟರಿಯಿಂದ ಬೆಳಗುವ ಇಂದಿನ ರೂಪವನ್ನು 1975ರಲ್ಲಿ ಮಾರುಕಟ್ಟೆಗೆ ತಂದದ್ದು ಸ್ವೀಡನ್ನಿನ ಏಮ್‌ಪಾಯಿಂಟ್. ಅಂದರೆ ಅಜ್ಜ ಕೋವಿ ಇಳಿಸುವ ಹಿಂದಿನ ವರ್ಷ. ಒಳಗೆ ಒಂದು ಚಿಕ್ಕ ಎಲ್‌ಇಡಿ, ಅದರ ಎದುರು ಬಾಗಿದ ಗಾಜು. ಗಾಜಿನ ಲೇಪ ಕೆಂಪು ಬೆಳಕನ್ನು ಮಾತ್ರ ಕಣ್ಣಿನತ್ತ ತಿರುಗಿಸಿ ಉಳಿದದ್ದನ್ನು ದಾಟಿಸುತ್ತದೆ. ತಿರುಗಿದ ಕಿರಣಗಳು ಒಂದಕ್ಕೊಂದು ಸಮಾನಾಂತರವಾಗಿ ಬರುವುದರಿಂದ ಚುಕ್ಕಿ ಗಾಜಿನ ಮೇಲಿದ್ದಂತೆ ಕಾಣದೆ ದೂರದ ಗುರಿಯ ಮೇಲೆಯೇ ಇದ್ದಂತೆ ಕಾಣುತ್ತದೆ. ಚಾಳೀಸಿನ ಕಣ್ಣಿಗೆ ದೂರ ಚೆನ್ನಾಗಿಯೇ ಕಾಣುತ್ತದಲ್ಲ, ಅದೊಂದು ದೂರ ಕಂಡರೆ ಸಾಕು. ಹವಾಲ್ದಾರರ ಪಾಠ ತಿರುವುಮುರುವಾಯಿತು: ಎರಡೂ ಕಣ್ಣು ತೆರೆದು ಗುರಿಯನ್ನೇ ನೋಡು, ಚುಕ್ಕಿ ತಾನಾಗಿ ಬಂದು ಕೂರುತ್ತದೆ.

ಮೊದಲನೆಯದನ್ನು ಅಗ್ಗವೆಂದು ಕೊಂಡೆ, ತಯಾರಿಸಿದವರ ಹೆಸರು ಬೇಡ. ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಸ್ಕ್ರೂಗೆ ಥ್ರೆಡ್ ಲಾಕರ್ ಹಚ್ಚಲಿಲ್ಲ, ಟಾರ್ಕ್ ನೋಡಿ ಬಿಗಿ ಮಾಡಲಿಲ್ಲ. ಪಿಸ್ತೂಲಿನ ಸ್ಲೈಡ್ ಪ್ರತಿ ಗುಂಡಿಗೂ ಹಿಂದಕ್ಕೆ ಬಡಿದು ಮುಂದಕ್ಕೆ ಬರುತ್ತದೆ, ಸೈಟು ಅದರ ಬೆನ್ನ ಮೇಲೆ ಸವಾರಿ ಮಾಡುತ್ತದೆ. ರೈಫಲ್‌ನ ಮೇಲೆ ವರ್ಷಗಟ್ಟಲೆ ಅಲುಗದ ಸೈಟು ಇಲ್ಲಿ ಒಂದೇ ಪಂದ್ಯದಲ್ಲಿ ಸಡಿಲವಾಯಿತು. ಗುಂಡು ಎಡಕ್ಕೆ ಹೋಗುತ್ತಾ ಹೋದಂತೆ ನನ್ನ ಬೆರಳನ್ನೇ ದೂರಿದೆ. ಈಗ ಸ್ಕ್ರೂವಿನ ತಲೆಯಿಂದ ಸೈಟಿನ ಮೈಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದೇನೆ. ಗೆರೆ ಮುರಿದಿದ್ದರೆ ಸ್ಕ್ರೂ ತಿರುಗಿದೆ ಎಂದರ್ಥ.

ಎರಡನೆಯ ಸಲ ಅಂಗಡಿಯ ಕೌಂಟರಿನ ಮುಂದೆ ಒಂದು ಮಧ್ಯಾಹ್ನವಿಡೀ ನಿಂತೆ. ಚುಕ್ಕಿಯ ಗಾತ್ರವನ್ನು ಎಂಒಎ ಲೆಕ್ಕದಲ್ಲಿ ಹೇಳುತ್ತಾರೆ, ಒಂದು ಡಿಗ್ರಿಯ 60ರಲ್ಲಿ ಒಂದು ಪಾಲು. 25 ಗಜದಲ್ಲಿ 3 ಎಂಒಎ ಚುಕ್ಕಿ ಸುಮಾರು 2 ಸೆಂಟಿಮೀಟರ್ ಮುಚ್ಚುತ್ತದೆ, 6 ಎಂಒಎ ಚುಕ್ಕಿ 4 ಸೆಂಟಿಮೀಟರ್. ಚಿಕ್ಕ ಚುಕ್ಕಿ ನಿಖರ, ದೊಡ್ಡದು ಬೇಗ ಕಣ್ಣಿಗೆ ಬೀಳುತ್ತದೆ. ಇಷ್ಟೆಲ್ಲ ಓದಿಕೊಂಡೇ ಹೋಗಿದ್ದೆ. ಕಣ್ಣಿಗೆ ಹಿಡಿದರೆ ಚುಕ್ಕಿಯೇ ಇರಲಿಲ್ಲ! ಬಾಲವಿರುವ ಒಂದು ಅಲ್ಪವಿರಾಮ ಇತ್ತು. ಇನ್ನೊಂದು ಕಂಪನಿಯದು ನೋಡಿದೆ, ಅದೇ ಬಾಲ. ಮಾಲು ಕೆಟ್ಟಿದೆ ಎಂದೆ. ಕೌಂಟರಿನ ಹುಡುಗಿ ನನ್ನ ಫೋನ್ ಇಸಿದುಕೊಂಡು ಸೈಟಿನ ಮೂಲಕ ಒಂದು ಫೋಟೊ ತೆಗೆದು ತೋರಿಸಿದಳು. ಫೋಟೊದಲ್ಲಿ ಚುಕ್ಕಿ ಗುಂಡಗಿತ್ತು. ಕೆಟ್ಟದ್ದು ನನ್ನ ಕಣ್ಣು. ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಎಂದು ಬರೆಯುತ್ತಾರಲ್ಲ, ಆ ದೋಷ ಇರುವವರಿಗೆ ಚುಕ್ಕಿ ಹೀಗೆ ಒಡೆದು ಕಾಣುತ್ತದೆ.

ರೆಡ್ ಡಾಟ್ ಕೊಳ್ಳುವವರಿಗೆ ನಾನು ಹೇಳುವುದು ಇದೊಂದೇ. ಕಂಪನಿಯ ಹೆಸರು, ಬೆಲೆ, 50,000 ಗಂಟೆ ಬಾಳುವ ಬ್ಯಾಟರಿ ಎಲ್ಲ ಆಮೇಲಿನದು. ಮೊದಲು ನಿಮ್ಮ ಕಣ್ಣಿಗೇ ಹಿಡಿದು ನೋಡಿ, ಬೇರೆಯವರ ಮಾತಿನ ಮೇಲೆ ಕೊಳ್ಳಬೇಡಿ. ಬೆಳಕನ್ನು ತಗ್ಗಿಸಿದಾಗ ನನ್ನ ಅಲ್ಪವಿರಾಮದ ಬಾಲ ಅರ್ಧ ಕಡಿಮೆಯಾಯಿತು. ಹಸಿರು ಚುಕ್ಕಿ ಕೆಲವರಿಗೆ ಚೊಕ್ಕ ಕಾಣುತ್ತದೆ, ನನಗೆ ವ್ಯತ್ಯಾಸವಾಗಲಿಲ್ಲ. ಚುಕ್ಕಿಯ ಸುತ್ತ 32 ಎಂಒಎ ಉಂಗುರ ಇರುವ ಮಾದರಿ ಹಿಡಿದಾಗ ಎಲ್ಲ ಸರಿಹೋಯಿತು. ಚುಕ್ಕಿ ಒಡೆದರೂ ಉಂಗುರದ ನಡು ಎಲ್ಲಿ ಎಂದು ಕಣ್ಣು ತಾನೇ ಕಂಡುಕೊಳ್ಳುತ್ತದೆ.

ಉಳಿದದ್ದು ಬೇಗ ಮುಗಿಯಿತು. ಸ್ಲೈಡಿನಲ್ಲಿ ಸೈಟು ಕೂರುವ ಕಚ್ಚು ಒಂದೊಂದು ಪಿಸ್ತೂಲಿಗೆ ಒಂದೊಂದು ನಮೂನೆ, ತೆಳು ಪಿಸ್ತೂಲಿಗೆ ಅಗಲದ ಸೈಟು ಕೂರುವುದಿಲ್ಲ. ಅಲ್ಲಿಗೆ ಅರ್ಧ ಮಾದರಿಗಳು ಬಿದ್ದುಹೋದವು. ಕೆಲವುಗಳಲ್ಲಿ ಬ್ಯಾಟರಿ ತಳದಲ್ಲಿದೆ, ಬದಲಿಸಲು ಸೈಟನ್ನೇ ಬಿಚ್ಚಿ ಮತ್ತೆ ಝೀರೋ ಮಾಡಬೇಕು, ಅಂದರೆ ಗುಂಡು ಬೀಳುವ ಜಾಗಕ್ಕೆ ಚುಕ್ಕಿಯನ್ನು ಹೊಂದಿಸಬೇಕು. ಬದಿಯ ತಟ್ಟೆಯಲ್ಲಿ ಬ್ಯಾಟರಿ ಇರುವುದನ್ನು ಆರಿಸಿದೆ. ಎಲ್‌ಇಡಿ ತೆರೆದಿರುವ ಸೈಟಿನಲ್ಲಿ ಒಂದು ಮಳೆಹನಿ ಕೂತರೂ ಚುಕ್ಕಿ ಚೆಲ್ಲಾಪಿಲ್ಲಿ. ಏಮ್‌ಪಾಯಿಂಟ್‌ನ ಏಕ್ರೋ 2019ರಲ್ಲಿ ಬಂದ ಮೇಲೆ ನಾಲ್ಕೂ ಕಡೆ ಮುಚ್ಚಿದ ಚಿಕ್ಕ ಸೈಟುಗಳು ಹೆಚ್ಚಿದವು. ಕೊಡಗಿನ ಮಳೆಯಲ್ಲಿ ಬೆಳೆದ ನಾನು ಯೋಚಿಸದೆ ಮುಚ್ಚಿದ್ದನ್ನೇ ತೆಗೆದುಕೊಂಡೆ.

ಚುಕ್ಕಿ ಬಂದ ಮೇಲೆ ಮೊದಲ ತಿಂಗಳು ಅಂಕ ಇನ್ನೂ ಬಿತ್ತು. ಪಿಸ್ತೂಲು ಎತ್ತಿದರೆ ಗಾಜು ಖಾಲಿ. ಮಣಿಕಟ್ಟು ಒಂದಿಷ್ಟು ಓರೆಯಾದರೂ ಚುಕ್ಕಿ ಗೂಡಿನಿಂದ ಹೊರಗುಳಿಯುತ್ತದೆ. ಕೆನ್ನೆ ಪ್ರತಿ ಸಲ ಅದೇ ಜಾಗಕ್ಕೆ ಬರಬೇಕು ಎನ್ನುತ್ತಿದ್ದ ಅಜ್ಜನ ಪಾಠ ಇಲ್ಲಿ ಮಣಿಕಟ್ಟಿಗೆ ಬಂತು. ಖಾಲಿ ಪಿಸ್ತೂಲು ಹಿಡಿದು ಗೋಡೆಗೆ ದಿನಾ 50 ಸಲ ಎತ್ತಿ ಇಳಿಸಿದ ಮೇಲೆ ಚುಕ್ಕಿ ನಡುವಿಗೆ ಬರತೊಡಗಿತು. ಕೈಯ ನಡುಕವನ್ನೂ ಅದು ಇದ್ದಷ್ಟು ತೋರಿಸುತ್ತದೆ. ಪ್ರತಿ ವರ್ಷ ಸೆಪ್ಟೆಂಬರ್ 3ರಂದು, ಮುಗಿದಿರಲಿ ಬಿಡಲಿ, ಬ್ಯಾಟರಿ ಬದಲಿಸುತ್ತೇನೆ.

ಕಳೆದ ವರ್ಷ ಆ ದಿನಕ್ಕೆ ಊರಿನಲ್ಲಿದ್ದೆ. ಹಳೆಯ ಕೋವಿ ಈಗ ದೊಡ್ಡಪ್ಪನ ಮಗನಾದ ಅಣ್ಣನ ಮನೆಯಲ್ಲಿದೆ, ಬೀರುವಿನಲ್ಲಿ ಬೀಗ ಹಾಕಿ. ಪಂದ್ಯದಲ್ಲಿ ಹೆಣ್ಣುಮಕ್ಕಳೂ ಸಾಲಿನಲ್ಲಿದ್ದರು. ಅಣ್ಣನಿಗೆ 66. ಹೆಸರು ಕೂಗಿದಾಗ ಅವರು ಕೋವಿ ಎತ್ತಿ, ಹಿಡಿದುಕೊಂಡೇ ಇದ್ದು, ಇಳಿಸಿ ಸೊಸೆಯ ಕಡೆ ಚಾಚಿದರು. ಜನ ಚಪ್ಪಾಳೆ ತಟ್ಟಿದರು. ನಾನು ಹತ್ತಿರ ಹೋದೆ.

“ಅಣ್ಣ, ಮಣಿ ಕಾಣ್ತದಾ?”

ಅವರು ಸುತ್ತ ನೋಡಿ ದನಿ ತಗ್ಗಿಸಿದರು. “ಎರಡು ಕಾಣ್ತದೆ ಮಾರಾಯ. ಯಾವುದಕ್ಕೆ ಹೊಡೆಯೋದು?”

“ನಾಳೆ ಮಡಿಕೇರಿಗೆ ಹೋಗುವ.”

ಆ ನಳಿಗೆಗೆ ರಂಧ್ರ ಕೊರೆದು ರೆಡ್ ಡಾಟ್ ಕೂರಿಸುವ ಮಾತೇ ಇಲ್ಲ, ಅದು ಅಜ್ಜನ ಕೋವಿ. ಮನೆಯ ಹಿಂದೆ ಹೋಗಿ ಒಂದು ಬಿದಿರು ಕಡ್ಡಿ ಕಡಿದು ತಂದೆ. ಅಣ್ಣ ಖಾಲಿ ಕೋವಿಯನ್ನು ಕೆನ್ನೆಗೆ ಹಿಡಿದು ನಿಂತರು. ಅವರ ಕಣ್ಣಿನಿಂದ ಮಣಿಯವರೆಗೆ ಅಳೆದು ಕಡ್ಡಿಯನ್ನು ಕತ್ತರಿಸಿದೆ. ಮರುದಿನ ಕನ್ನಡಕದ ಅಂಗಡಿಯವರು ಓದುವ ಪುಸ್ತಕವನ್ನು ಮುಂದೆ ಹಿಡಿದಾಗ ಅದು ಬೇಡ, ಈ ಕಡ್ಡಿಯ ತುದಿ ಸ್ಪಷ್ಟ ಕಾಣುವಂತೆ ಬಲಗಣ್ಣಿನ ಗಾಜು ಕೊಡಿ ಎಂದೆ. ಅವರು ಒಂದೊಂದೇ ಗಾಜು ಬದಲಿಸುತ್ತಾ ಹೋದರು. ಅಣ್ಣ ಕಡ್ಡಿಯ ತುದಿಯನ್ನೇ ನೋಡುತ್ತಿದ್ದರು. ನಾಲ್ಕನೆಯ ಗಾಜಿಗೆ “ಹಾಂ, ಒಂದಾಯ್ತು” ಎಂದರು.