ಬರ್ನಂ ವನದ ಒಂದು ಮರ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಲಂಡನ್ನಿನ ಅನುಭವಗಳನ್ನು ಬರೆದುಕೊಡಬೇಕೆಂದು ನನ್ನ ಹಿಂದಿನ ಗುರುಗಳೊಬ್ಬರು ಅಪ್ಪಣೆ ಮಾಡಿದ್ದಾರೆ. ಹಳೆಯ ವಿದ್ಯಾರ್ಥಿಯೊಬ್ಬ ಅಷ್ಟು ದೂರ ಹೋಗಿ ನಾಟಕಶಾಸ್ತ್ರದಲ್ಲಿ ಎಂ.ಎ. ಮಾಡಿ ಬಂದನೆಂದರೆ, ಅಲ್ಲಿ ಏನೋ ದೊಡ್ಡ ಪಾತ್ರವನ್ನೇ ವಹಿಸಿರಬೇಕೆಂದು ಅವರು ಭಾವಿಸಿದಂತಿದೆ. ಮೊದಲೇ ಹೇಳಿಬಿಡುತ್ತೇನೆ: ನಾನು ಅಲ್ಲಿ ವಹಿಸಿದ್ದು ಒಂದು ಮರದ ಪಾತ್ರ. ಅದನ್ನು ಮನೆಯಲ್ಲಿ ಹೇಳಲಾರದೆ ಸುಳ್ಳಾಡಿದೆ. ಈ ಬರಹ ಆ ಮರದ ಮತ್ತು ಆ ಸುಳ್ಳಿನ ಕಥೆ.

ನಮ್ಮದು ಬೆಳ್ತಂಗಡಿ ಪೇಟೆಯಿಂದ ಒಳಗೆ, ಅಂಗಳದಲ್ಲಿ ನಿಂತರೆ ಗಡಾಯಿಕಲ್ಲು ಕಾಣುವ ಒಂದು ಹಳ್ಳಿ. ತಂದೆಯವರಿಗೆ ಸಣ್ಣ ಅಡಿಕೆ ತೋಟ, ಅದಕ್ಕಿಂತ ದೊಡ್ಡದಾಗಿ ತಾಳಮದ್ದಳೆಯ ಹುಚ್ಚು. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ, ಮಳೆ ಹಿಡಿಯಿತೆಂದರೆ ಅವರ ಕಾಲ ಆರಂಭ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುವರು. ಅರ್ಥಧಾರಿಗಳು ಕುಳಿತಲ್ಲಿಂದಲೇ ರಾಮನೋ ರಾವಣನೋ ಆಗಿ ಮಾತಾಡುವರು. ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. ಎದುರಾಳಿ ಎಸೆದ ಮಾತಿಗೆ ಅಲ್ಲಿಯೇ ಉತ್ತರ ಹುಟ್ಟಬೇಕು. ಮನೆಯಲ್ಲಿ ತುಳುವಿನ ಹೊರತು ಬೇರೆ ಮಾತಾಡದ ತಂದೆಯವರು, ಅರ್ಥಕ್ಕೆ ಕುಳಿತೊಡನೆ ಗ್ರಂಥದ ಕನ್ನಡಕ್ಕೆ ಏರುತ್ತಿದ್ದರು. ಬಾಲ್ಯದಲ್ಲಿ ನನಗದು ನಗೆಯ ವಿಷಯ. ಅವರೊಡನೆ ಹೋದ ರಾತ್ರಿಗಳಲ್ಲಿ ಚಾ-ತಿಂಡಿಯ ಹೊತ್ತಿಗೆ ಸರಿಯಾಗಿ ಎಚ್ಚರವಾಗುತ್ತಿತ್ತು, ಉಳಿದದ್ದೆಲ್ಲ ನಿದ್ದೆ. ನಾಟಕವೆಂದರೆ ಪರದೆ, ದೀಪ ಮತ್ತು ಇಂಗ್ಲಿಷು ಎಂದು ತಿಳಿದವನು ನಾನು. ಅಂಥವನನ್ನು ತಂದೆಯವರು ತೋಟದ ಮೇಲೆ ಸಾಲ ತೆಗೆದು ವಿಮಾನ ಹತ್ತಿಸಿದರು.

‘ಪರದೇಶಿ’ ಎಂಬ ಪದಕ್ಕೆ ನಮ್ಮಲ್ಲಿ ಎರಡು ಅರ್ಥ: ಬೇರೆ ದೇಶದವನು, ದಿಕ್ಕಿಲ್ಲದವನು. ಎರಡೂ ಒಬ್ಬನಿಗೇ ಒಪ್ಪುವುದನ್ನು ಲಂಡನ್ನಿನಲ್ಲಿ ಕಂಡುಕೊಂಡೆ. ಅಲ್ಲಿನ ಎಂ.ಎ. ಒಂದೇ ವರ್ಷದ್ದು, ಆದರೆ ಹೊರದೇಶದವರು ತೆರುವ ಶುಲ್ಕ ಆ ದೇಶದವರದಕ್ಕಿಂತ ಬಹಳ ಹೆಚ್ಚು. ವಿದ್ಯಾರ್ಥಿ ವೀಸಾದ ನನ್ನಂಥವರು ತರಗತಿಗಳು ನಡೆಯುವ ತಿಂಗಳುಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಆ 20 ಗಂಟೆಗಳನ್ನು ಒಂದು ಹೋಟೆಲಿನ ಹಿಂಬದಿಯಲ್ಲಿ ತಟ್ಟೆ ತೊಳೆಯುತ್ತ ಕಳೆದೆ. ಊರಿನಿಂದ ಹೊತ್ತೊಯ್ದ ಕುಚ್ಚಲಕ್ಕಿ ಮುಗಿಯುವವರೆಗೆ ಗಂಜಿ-ಉಪ್ಪಿನಕಾಯಿ. ಮುಗಿದ ಮೇಲೆ ಬ್ರೆಡ್ಡು.

ನಾಟಕ ನೋಡಲು ಹಣವಿಲ್ಲದವನಿಗೆ ಆಸರೆಯಾದದ್ದು ಥೇಮ್ಸ್ ನದಿಯ ದಕ್ಷಿಣ ದಡದ ಗ್ಲೋಬ್ ರಂಗಮಂದಿರ. ಶೇಕ್ಸ್‌ಪಿಯರನ ಕಾಲದ ಗ್ಲೋಬ್ 1613ರಲ್ಲಿ, ನಾಟಕದ ನಡುವೆ ಹಾರಿಸಿದ ತೋಪಿನ ಕಿಡಿ ಹುಲ್ಲಿನ ಮಾಡಿಗೆ ತಾಗಿ ಸುಟ್ಟುಹೋಯಿತು. ಅದರ ಮಾದರಿಯಲ್ಲಿ ಕಟ್ಟಿದ ಇಂದಿನ ಗ್ಲೋಬ್ 1997ರಲ್ಲಿ ತೆರೆಯಿತು. ಇದರ ಮಾಡೂ ಹುಲ್ಲಿನದೇ. ನಡು ಅಂಗಳಕ್ಕೆ ಮಾಡೇ ಇಲ್ಲ. ಆ ಅಂಗಳದಲ್ಲಿ ನಿಂತು ನೋಡಲು ನಾನು ತೆತ್ತದ್ದು 5 ಪೌಂಡು. ಆಟ ನಡೆಯುವಾಗ ಕುಳಿತುಕೊಳ್ಳುವಂತಿಲ್ಲ. ಮಳೆ ಬಂದರೆ ಕೊಡೆ ಬಿಡಿಸುವಂತಿಲ್ಲ. ರಂಗದ ಮೂರು ಕಡೆಗೂ ಜನ, ಜನರ ಮುಖ ನೋಡಿಯೇ ಮಾತಾಡುವ ನಟರು. ನಮ್ಮ ಬಯಲಾಟದ ರಂಗಸ್ಥಳ ನೆನಪಾಗದೆ ಇರಲಿಲ್ಲ. ಆದರೆ ನಮ್ಮೂರಿನಲ್ಲಿ ಚಾಪೆ ಹಾಸಿ ಮಲಗಿಯೂ ಆಟ ನೋಡಬಹುದಲ್ಲ ಎಂಬಷ್ಟೇ ಅಭಿಮಾನ ಆಗ ಹುಟ್ಟಿತು. ಕಾಲು ಅಷ್ಟು ನೋಯುತ್ತಿತ್ತು.

ತರಗತಿಯಲ್ಲಿ ನನ್ನ ಬರವಣಿಗೆಗೆ ಕುಂದಿರಲಿಲ್ಲ. ಬಾಯಿ ತೆರೆದರೆ ಮಾತ್ರ ಕಷ್ಟ. ಮೊದಲು ತುಳುವಿನಲ್ಲಿ ಭಾವ, ಆಮೇಲೆ ಕನ್ನಡದಲ್ಲಿ ವಾಕ್ಯ, ಕೊನೆಗೆ ಇಂಗ್ಲಿಷಿನಲ್ಲಿ ಉಚ್ಚಾರ. ಅಷ್ಟರಲ್ಲಿ ದೃಶ್ಯ ಮುಗಿದಿರುತ್ತಿತ್ತು. ವರ್ಷದ ಕೊನೆಗೆ ತರಗತಿಯವರು ‘ಮ್ಯಾಕ್‌ಬೆತ್’ ಆಡುವುದೆಂದಾಯಿತು. ಬರ್ನಂ ವನವು ಬೆಟ್ಟಕ್ಕೆ ನಡೆದು ಬರುವವರೆಗೆ ಸೋಲಿಲ್ಲವೆಂಬ ಭವಿಷ್ಯವಾಣಿಯನ್ನು ನೆಚ್ಚಿ ಕುಳಿತ ರಾಜ. ಕೊಂಬೆಗಳನ್ನು ಹಿಡಿದು ಮರೆಯಾಗಿ ಬರುವ ಸೈನಿಕರು. ಆ ಕೊಂಬೆ ಹಿಡಿದವರಲ್ಲಿ ನಾನೊಬ್ಬ. ಮಾತು ಒಂದೂ ಇಲ್ಲ.

“ಯಾವ ಪಾತ್ರ ಸಿಕ್ಕಿತು?” ಎಂದು ತಂದೆಯವರು ಫೋನಿನಲ್ಲಿ ಕೇಳಿದರು. ಅಡವಿಟ್ಟ ತೋಟ ಕಣ್ಣಮುಂದೆ ಬಂತು. “ಬ್ಯಾಂಕೋ” ಎಂದೆ. ಬ್ಯಾಂಕೋ ಯಾರು, ಅವನಿಗೂ ರಾಜನಿಗೂ ಏನು ಸಂಬಂಧ, ಸಾಯುವುದೇಕೆ ಎಂದು ಅವರು ಕಥೆಯ ಗಂಟುಗಳನ್ನೆಲ್ಲ ಬಿಡಿಸಿ ಕೇಳಿದರು. ಹೇಳುತ್ತ ಹೋದಂತೆ ನನಗೇ ನಾನು ಬ್ಯಾಂಕೋ ಎನಿಸತೊಡಗಿತು.

ಆ ದಿನಗಳಲ್ಲೇ ಗ್ರಂಥಾಲಯದಲ್ಲಿ ಎರಡು ಸಂಗತಿಗಳು ಎದುರಾದವು. ಪಕ್ಕದ ಬಂಟ್ವಾಳ ತಾಲೂಕಿನ ಮಂಚಿಯಲ್ಲಿ 1929ರಲ್ಲಿ ಹುಟ್ಟಿ, ಮನೆ ಬಿಟ್ಟು ಗುಬ್ಬಿ ಕಂಪೆನಿ ಸೇರಿ, ಕಾಶಿಯಲ್ಲಿ ಓದಿ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಮುಂದೆ ಅದರ ನಿರ್ದೇಶಕರೇ ಆದ ಬಿ. ವಿ. ಕಾರಂತರು, 1979ರಲ್ಲಿ ಇದೇ ‘ಮ್ಯಾಕ್‌ಬೆತ್’ನ್ನು ರಘುವೀರ ಸಹಾಯರ ಹಿಂದಿ ಅನುವಾದದಲ್ಲಿ, ಯಕ್ಷಗಾನದ ನಡೆಯನ್ನು ಬಳಸಿಕೊಂಡು ಆಡಿಸಿದ್ದರು. ಹೆಸರು ‘ಬರ್ನಂ ವನ’. ಇನ್ನೊಂದು, ಮಾರ್ತಾ ಆಷ್ಟನ್ ಎಂಬ ಅಮೆರಿಕದ ಸಂಶೋಧನಾ ವಿದ್ಯಾರ್ಥಿನಿ ಉಡುಪಿಗೆ ಬಂದು ಬಡಗುತಿಟ್ಟಿನ ಹೆಜ್ಜೆ ಕಲಿತು, ಬ್ರೂಸ್ ಕ್ರಿಸ್ಟಿಯವರೊಡನೆ 1977ರಲ್ಲಿ ಹೊರತಂದ ಯಕ್ಷಗಾನದ ಮೇಲಿನ ಗ್ರಂಥ. ಅವರು ಅಷ್ಟು ದೂರದಿಂದ ಎಚ್ಚರವಾಗಿ ಕುಳಿತು ಕಲಿಯಲು ಬಂದ ನಾಡಿನಲ್ಲಿ ನಾನು ಚಾ ಬರುವವರೆಗೆ ಮಲಗಿದ್ದೆ. ಪುಸ್ತಕವನ್ನು ಮುಚ್ಚಿಟ್ಟು ತಟ್ಟೆ ತೊಳೆಯಲು ಹೋದೆ.

ಜೂನ್ ತಿಂಗಳ ಒಂದು ಸಂಜೆ, ಆರೂವರೆಯ ಹೊತ್ತು. ಹೋಟೆಲಿನ ಹಿಂಬಾಗಿಲಲ್ಲಿ ನಿಂತಿದ್ದಾಗ ಫೋನು ಬಂತು. ಊರಿನಲ್ಲಿ ರಾತ್ರಿ ಹನ್ನೊಂದು. ತಂದೆಯವರು ತಾಳಮದ್ದಳೆ ಮುಗಿಸಿ ಆಗಷ್ಟೇ ಮನೆಗೆ ಬಂದಿದ್ದರು. ಹಂಚಿನ ಮೇಲೆ ಮಳೆ ಸುರಿಯುವುದು ಕೇಳುತ್ತಿತ್ತು. “ನಾನು ರಾಜ. ನೀನು ಬ್ಯಾಂಕೋ. ಸ್ವಲ್ಪ ಅರ್ಥ ಹೇಳುವ, ನೋಡುವ” ಎಂದು ತುಳುವಿನಲ್ಲಿ ಹೇಳಿದವರು, ನಾನು ಬೇಡವೆನ್ನುವ ಮೊದಲೇ ಕನ್ನಡಕ್ಕೆ ಏರಿಬಿಟ್ಟರು.

“ಮಿತ್ರಾ, ಸಮರಾಂಗಣದಲ್ಲಿ ಹೆಗಲಿಗೆ ಹೆಗಲು ಕೊಟ್ಟವನು ನೀನು. ಆ ಮಾಟಗಾತಿಯರು ಕಿರೀಟವನ್ನು ನನಗೆ ಕೊಟ್ಟು, ವಂಶವನ್ನು ನಿನಗೆ ಕೊಟ್ಟರು. ಹಿಂಗಾರ ಬಿಡದ ಅಡಿಕೆಮರಕ್ಕೆ ನೀರು ಹೊರುವ ತೋಟಗಾರನಾದೆನಲ್ಲ ನಾನು! ಹೇಳು, ನನ್ನ ಸ್ಥಾನದಲ್ಲಿ ನೀನಿದ್ದರೆ ಏನು ಮಾಡುತ್ತಿದ್ದೆ?”

ನನಗೆ ಅರಿವಿಲ್ಲದೆಯೇ ಬಾಯಿ ತೆರೆಯಿತು. “ರಾಜನ್, ಆಸೆಯನ್ನು ನನಗೂ ತೋರಿಸಿದರು. ಕಿವಿಗೆ ಬಿದ್ದದ್ದು ದೋಷವಲ್ಲ, ಕೈಗೆ ಇಳಿದದ್ದು ದೋಷ. ನಾನು ಕೇಳಿ ಸುಮ್ಮನಾದೆ.” ಒಂಬತ್ತು ತಿಂಗಳು ತರಗತಿಯಲ್ಲಿ ತಡವರಿಸಿದ ನಾಲಗೆ ಅಂದು ಎಲ್ಲಿಯೂ ತಡೆಯಲಿಲ್ಲ. ನಿದ್ದೆಯಲ್ಲಿ ಕೇಳಿದ್ದೂ ಒಳಗೆ ಇಳಿದಿತ್ತೆಂದು ಕಾಣುತ್ತದೆ.

“ಸುಮ್ಮನಾದೆಯೋ?” ರಾಜನ ಧ್ವನಿ ತಗ್ಗಿತು. “ನಿಜವನ್ನು ಬಲ್ಲವನು ಬಾಯಿ ಮುಚ್ಚಿಕೊಂಡಿದ್ದರೆ ಅವನೂ ಸುಳ್ಳನಲ್ಲವೆ?”

ಅರ್ಥಗಾರಿಕೆಯಲ್ಲಿ ಇದು ಒಳ್ಳೆಯ ಸವಾಲು. ತಂದೆಯವರ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಆದರೆ ನನ್ನಲ್ಲಿ ಉತ್ತರವಿರಲಿಲ್ಲ. ಮಳೆಯ ಸದ್ದು ಮಾತ್ರ ಸ್ವಲ್ಪ ಹೊತ್ತು ಕೇಳಿತು. “ಅಪ್ಪಾ, ನಾನು ಬ್ಯಾಂಕೋ ಅಲ್ಲ” ಎಂದು ತುಳುವಿನಲ್ಲಿ ಹೇಳಿದೆ. “ನನ್ನದು ಮರ. ಕೊಂಬೆ ಹಿಡಿದು ನಿಲ್ಲುವುದು. ಮಾತಿಲ್ಲ.”

“ಮರವೋ?”

“ಹೌದು.”

ಬಹಳ ಹೊತ್ತಿನ ಮೇಲೆ ಅವರೆಂದರು: “ಈಗ ಇಷ್ಟು ಅರ್ಥ ಹೇಳಿದೆಯಲ್ಲ, ಅದಕ್ಕೆ ವೇಷ ಬೇಕಾಯಿತಾ? ತಾಳಮದ್ದಳೆಗೆ ವೇಷ ಬೇಡ ಮಗಾ.” ಮತ್ತೆ, “ಊಟ ಮಾಡಿದೆಯಾ?” ಎಂದು ಕೇಳಿ ಫೋನು ಇಟ್ಟರು. ಸಾಲದ ಮಾತು ಎತ್ತಲಿಲ್ಲ. ಎತ್ತಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಮರುವಾರ ತರಗತಿಯಲ್ಲಿ ಅನುಮತಿ ಕೇಳಿ, ನೆಲದ ಮೇಲೆ ಕುಳಿತು ಅದೇ ಅರ್ಥವನ್ನು ಕನ್ನಡದಲ್ಲಿ ಹೇಳಿದೆ. ಎದುರಿಗೆ ಕುಳಿತ ತೈವಾನಿನ ಸಹಪಾಠಿ ತನ್ನ ಭಾಷೆಯಲ್ಲಿ ಉತ್ತರಿಸಿದಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಕಥೆ ಮಾತ್ರ ಇಬ್ಬರಿಗೂ ಗೊತ್ತು. ಅವಳೂ ವರ್ಷವಿಡೀ ನನ್ನಂತೆಯೇ ತಡವರಿಸಿದವಳು. ಅಂದು ಅವಳ ಧ್ವನಿಯನ್ನು ಮೊದಲ ಬಾರಿಗೆ ಕೇಳಿದಂತಾಯಿತು. ಇದರಿಂದ ನನ್ನ ಪಾತ್ರವೇನೂ ಬದಲಾಗಲಿಲ್ಲ. ಮೂರು ರಾತ್ರಿಯೂ ಕೊಂಬೆ ಹಿಡಿದೇ ನಿಂತೆ.

ನನ್ನ ಕಿರಿಯ ಗೆಳೆಯರಲ್ಲಿ ಹೊರದೇಶಕ್ಕೆ ಹೋಗಬೇಡಿರೆಂದು ನಾನು ಹೇಳುವುದಿಲ್ಲ, ಅವಶ್ಯ ಹೋಗಿರಿ. ಹೋಗುವ ಮೊದಲು ನಿಮ್ಮ ಊರಿನ ಒಂದು ರಾತ್ರಿಯನ್ನಾದರೂ ನಿದ್ದೆ ಮಾಡದೆ ಕೇಳಿರಿ. ಮತ್ತು ಅಲ್ಲಿ ನಿಮಗೆ ಮರದ ಪಾತ್ರ ಬಂದರೆ ಮನೆಯವರಿಗೆ ಮರವೆಂದೇ ಹೇಳಿರಿ.

ಈಗ ಊರಿನಲ್ಲಿದ್ದೇನೆ. ಸಾಲದ ಕಂತು ನಡೆಯುತ್ತಿದೆ. ಕಳೆದ ಮಳೆಗಾಲದಲ್ಲಿ ತಂದೆಯವರು ಒಂದು ಕೂಟಕ್ಕೆ ಕರೆದುಕೊಂಡು ಹೋಗಿ, ನನಗೊಂದು ದೂತನ ಅರ್ಥ ಕೊಡಿಸಿದರು. ನಾಲ್ಕು ಮಾತು, ಮೂರನೆಯದರಲ್ಲಿ ತಪ್ಪಿದೆ. ಹಿಂದಿರುಗುವಾಗ ಕೊಡೆಯ ಕೆಳಗೆ ಬಹಳ ದೂರ ಸುಮ್ಮನೆ ನಡೆದ ಮೇಲೆ ಅವರು ಹೇಳಿದ್ದಿಷ್ಟು: “ಮರಕ್ಕಿಂತ ಅಡ್ಡಿಯಿಲ್ಲ.”