ಮೈಲಾರದ ದಾರಿಯಲ್ಲಿ ಮೋಟಾರುಮನೆ

ಮಾಘಮಾಸ ಬಂದಿತೆಂದರೆ ಹೂವಿನಹಡಗಲಿಯ ಕಡೆಗೆ ಹೋಗುವ ದಾರಿಗಳಲ್ಲಿ ಬಂಡಿಗಳು ಕಾಣತೊಡಗುತ್ತವೆ. ಭರತ ಹುಣ್ಣಿಮೆಯ ಮೈಲಾರ ಜಾತ್ರೆಗೆ ಹೊರಟ ಬಂಡಿಗಳು ಅವು. ಮೇಲೆ ಕಮಾನಿನಂತೆ ಬಾಗಿಸಿದ ತಟ್ಟಿ, ಒಳಗೆ ಹುಲ್ಲಿನ ಮೆತ್ತೆ, ಅದರ ಮೇಲೊಂದು ಜಮಖಾನೆ, ಮೂಲೆಯಲ್ಲಿ ರೊಟ್ಟಿಯ ಗಂಟು, ಪಕ್ಕದಲ್ಲಿ ನೀರಿನ ಕೊಡ. ಅಚ್ಚಿನ ಕೆಳಗೆ ಕಂದೀಲು ತೂಗುತ್ತಿದ್ದರೆ ಮನೆಯ ದೀಪದ ವ್ಯವಸ್ಥೆ ಮುಗಿಯಿತು. ಹೋಗಿ ಬರುವ ಅಷ್ಟೂ ದಿನ ಸಂಸಾರಕ್ಕೆ ಅದೇ ಮನೆ. ಈಚೆಗೆ ಎತ್ತುಗಳ ಸ್ಥಾನಕ್ಕೆ ಟ್ರ್ಯಾಕ್ಟರು ಬಂದಿದೆ, ತಟ್ಟಿಯ ಸ್ಥಾನಕ್ಕೆ ತಾಡಪಾಲು ಬಂದಿದೆ. ಮನೆಯನ್ನು ಗಾಲಿಯ ಮೇಲೆ ಹೇರಿಕೊಂಡು ದೇವರನ್ನು ಕಾಣಲು ಹೋಗುವ ರೂಢಿ ಮಾತ್ರ ಉಳಿದಿದೆ.

ಪಟ್ಟಣದವರಿಗೂ ಈಗ ಇಂಥ ಮನೆ ಒದಗಿದೆ. ಉದ್ದನೆಯ ವ್ಯಾನಿನೊಳಗೆ ಮಂಚ, ಒಲೆ, ನೀರಿನ ತೊಟ್ಟಿ, ಶೀತಪೆಟ್ಟಿಗೆ, ಫ್ಯಾನು, ದೀಪಗಳನ್ನು ಕೂಡಿಸಿ ಮಾಡಿದ ಈ ಮೋಟಾರುಮನೆಗಳನ್ನು ಕೊಳ್ಳುವವರೂ ಉಂಟು, ಬಾಡಿಗೆಗೆ ತರುವವರೂ ಉಂಟು. ಇವುಗಳಿಗಾಗಿ ತಂಗುದಾಣಗಳನ್ನು ಕಟ್ಟಿಸಬೇಕೆಂದು 2010ರ ಸುಮಾರಿಗೇ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಒಂದು ನೀತಿಯನ್ನು ರೂಪಿಸಿತು. ಆದರೂ ಎಲ್ಲ ದಾರಿಗಳಲ್ಲಿ ಅಂಥ ತಾಣ ಸಿಕ್ಕೀತೆಂದು ನಂಬಿ ಹೊರಡುವುದು ಜಾಣತನವಲ್ಲ. ದಾರಿಯಲ್ಲಿ ದೀಪ ಆರಿದರೆ ಲೈನ್‌ಮನ್ ಬರುವುದಿಲ್ಲ. ಮನೆಯವರೇ ಲೈನ್‌ಮನ್ ಆಗಬೇಕು.

ಮೈಲಾರಲಿಂಗ ಮನೆದೇವರಾಗಿರುವ ಬೆಂಗಳೂರಿನ ಒಂದು ಸಂಸಾರ ಹೀಗೆ ಹೊರಟಿದೆ ಎಂದಿಟ್ಟುಕೊಳ್ಳೋಣ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಹರಕೆ ಹೊತ್ತ ಅಜ್ಜಿ. ಚಿತ್ರದುರ್ಗ ದಾಟಿ ಹೊಸಪೇಟೆಯ ಹೆದ್ದಾರಿಯನ್ನು ಹಿಡಿದರೆ ಮೊದಲು ಸಿಕ್ಕುವುದು ಕೂಡ್ಲಿಗಿ. ಗುಂಡುಕಲ್ಲುಗಳ ಗುಡ್ಡ, ಕುರುಚಲು ಕಾಡು, ಮಾಘದಲ್ಲಿಯೇ ಚುರುಗುಟ್ಟುವ ಬಿಸಿಲು. ಕರಡಿಗಳಿಗೆಂದೇ ಕಾದಿಟ್ಟ ಗುಡೇಕೋಟೆಯ ಕಾಡು ಇದೇ ತಾಲ್ಲೂಕಿನದು. ಗಾಂಧೀಜಿಯವರ ಚಿತಾಭಸ್ಮವನ್ನಿರಿಸಿದ ಸ್ಮಾರಕವೊಂದು ಊರಿನಲ್ಲಿದೆ. ಅದನ್ನು ಕಂಡು ಬಂದ ಮಕ್ಕಳು ಮರದ ನೆರಳಿನಲ್ಲಿ ನಿಂತ ವಾಹನದೊಳಗೆ ಫ್ಯಾನು ಹಾಕಿಕೊಂಡು ಮಲಗುತ್ತಾರೆ.

ಎಂಜಿನ್ ನಿಂತಿದ್ದರೂ ಫ್ಯಾನು ತಿರುಗುತ್ತಿದೆಯಲ್ಲ, ಇದು ಹೇಗೆ? ಮೋಟಾರುಮನೆಯಲ್ಲಿ ಬ್ಯಾಟರಿಗಳು ಎರಡು. ಒಂದು ಎಂಜಿನ್ನನ್ನು ಎಬ್ಬಿಸುವುದಕ್ಕೆ, ಇನ್ನೊಂದು ಮನೆಯ ಉಪಯೋಗಕ್ಕೆ. ಎರಡೂ ಸಾಮಾನ್ಯವಾಗಿ 12 ವೋಲ್ಟಿನವು. ಎರಡರ ನಡುವೆ ರಿಲೇ ಎಂಬ ಬಾಗಿಲು ಕಾಯುವವನಿದ್ದಾನೆ. ಎಂಜಿನ್ ಓಡುತ್ತಿರುವಾಗ ಅದರ ಡೈನಮೋ ಸುಮಾರು 14 ವೋಲ್ಟಿನವರೆಗೆ ಒತ್ತಡ ಕೊಡುತ್ತದೆ. ಅದನ್ನು ಕಂಡ ರಿಲೇ ಬಾಗಿಲು ತೆರೆಯುತ್ತದೆ, ಮನೆಯ ಬ್ಯಾಟರಿಯೂ ತುಂಬಿಕೊಳ್ಳುತ್ತದೆ. ಎಂಜಿನ್ ನಿಂತು ಒತ್ತಡ 13ಕ್ಕಿಂತ ಕೆಳಗಿಳಿದರೆ ಬಾಗಿಲು ಮುಚ್ಚುತ್ತದೆ. ಈ ಕಾವಲುಗಾರನಿಲ್ಲದಿದ್ದರೆ ಮಕ್ಕಳ ಫ್ಯಾನು ಎಂಜಿನ್ನಿನ ಪಾಲನ್ನೂ ಕುಡಿದು, ಸಂಜೆಗೆ ವಾಹನವನ್ನು ತಳ್ಳುವುದಕ್ಕೆ ಜನ ಹುಡುಕಬೇಕಾಗುತ್ತಿತ್ತು. ಮಾಡಿನ ಮೇಲೆ ಸೌರಫಲಕವಿದ್ದರೆ ಕೂಡ್ಲಿಗಿಯ ಬಿಸಿಲು ಶಾಪವಲ್ಲ, ವರವೇ. ಆದರೆ ವಾಹನ ನೆರಳಿಗೆ ನಿಂತರೆ ಫಲಕವೂ ನೆರಳಿನಲ್ಲಿಯೇ. ಮನುಷ್ಯನ ಹಿತವೂ ಬ್ಯಾಟರಿಯ ಹಿತವೂ ಇಲ್ಲಿ ಸವತಿಮಕ್ಕಳು.

ಹೆದ್ದಾರಿ ಬಿಟ್ಟು ಪಶ್ಚಿಮಕ್ಕೆ ತಿರುಗಿದರೆ ಕೊಟ್ಟೂರು. ಗುರು ಕೊಟ್ಟೂರೇಶ್ವರನ ಊರು. ಮಾಘ ಬಹುಳದ ತೇರಿಗೆ ದಾವಣಗೆರೆಯ ಕಡೆಯಿಂದ ಕಾಲ್ನಡಿಗೆಯಲ್ಲಿ ಬರುವ ಜನಕ್ಕೆ ಲೆಕ್ಕವಿಲ್ಲ. ಹುಣ್ಣಿಮೆಗೆ ಮುಂಚೆ ಬಂದವರಿಗೆ ತೇರು ಇನ್ನೂ ದೂರ. ಗುಡಿಯಲ್ಲಿ ನೆಮ್ಮದಿಯಾಗಿ ದರ್ಶನವಾಗುತ್ತದೆ.

ಆ ರಾತ್ರಿ ಊರಾಚೆಯ ಜೋಳದ ಬಣವೆಗಳ ಬಳಿ ವಾಹನ ನಿಂತಿದೆ. ಊಟದ ಹೊತ್ತಿಗೆ ಹಿಂಭಾಗದ ದೀಪ, ಫ್ಯಾನು ಎರಡೂ ಒಮ್ಮೆಗೇ ನಿಂತುಹೋದುವು. ಯಜಮಾನರು ಫ್ಯೂಸುಪೆಟ್ಟಿಗೆಯನ್ನು ತೆರೆದರು. ಹಳೆಯ ಮನೆಗಳಲ್ಲಿದ್ದ ಪಿಂಗಾಣಿಯ ಫ್ಯೂಸು ಇಲ್ಲಿಲ್ಲ. ಎರಡು ಕಾಲುಳ್ಳ ಪ್ಲಾಸ್ಟಿಕ್ಕಿನ ಬಿಲ್ಲೆಗಳು, ನಡುವೆ ಕೂದಲಿನಂಥ ಲೋಹದ ಸೇತುವೆ. ಬಣ್ಣವೇ ಅವುಗಳ ಗುರುತು: ಕೆಂಪಾದರೆ 10 ಆಂಪಿಯರು, ನೀಲಿ 15, ಹಳದಿ 20, ಹಸಿರು 30. ಕೆಂಪು ಬಿಲ್ಲೆಯ ಸೇತುವೆ ಕರಗಿತ್ತು. ಹೊಸ ಕೆಂಪನ್ನು ಹಾಕಿದರು, ಅದೂ ಹೋಯಿತು. ಮತ್ತೊಂದನ್ನು ಹಾಕಿದರು, ಮತ್ತೆ ಹೋಯಿತು. ಕೆಂಪು ಮುಗಿಯಿತು. ಡಬ್ಬಿಯಲ್ಲಿ ಹಸಿರು ಉಳಿದಿತ್ತು. ಹಸಿರನ್ನು ಒತ್ತಿದರು, ದೀಪ ಬಂದಿತು, ಫ್ಯಾನು ತಿರುಗಿತು, ಮಕ್ಕಳು ಚಪ್ಪಾಳೆ ತಟ್ಟಿದರು.

ನಮ್ಮ ನಾಡಿನಲ್ಲಿ ಎಷ್ಟು ಮನೆಗಳಲ್ಲಿ ಈ ಚಪ್ಪಾಳೆ ಬಿದ್ದಿಲ್ಲ! ಸಿಗರೇಟು ಪೊಟ್ಟಣದ ತಗಡುಕಾಗದ, ತಾಮ್ರದ ಎಳೆ, ತಲೆಗೂದಲಿಗೆ ಸಿಕ್ಕಿಸುವ ಪಿನ್ನು, ಫ್ಯೂಸಿನ ಜಾಗದಲ್ಲಿ ಏನೇನು ಕೂತಿಲ್ಲ! ಫ್ಯೂಸು ದೀಪವನ್ನು ಕಾಯುವುದಕ್ಕಿದೆ ಎಂಬ ತಪ್ಪು ತಿಳಿವಳಿಕೆಯೇ ಇದಕ್ಕೆಲ್ಲ ಮೂಲ. ಫ್ಯೂಸು ಕಾಯುವುದು ಮುಖ್ಯವಾಗಿ ತಂತಿಯನ್ನು. ಗೋಡೆಯ ಹಲಗೆಯ ಹಿಂದೆ, ಹಾಸಿಗೆಯ ಕೆಳಗೆ, ಕಣ್ಣಿಗೆ ಕಾಣದೆ ಹರಿಯುವ ತಂತಿ ಎಷ್ಟು ಪ್ರವಾಹವನ್ನು ಬಿಸಿಯಾಗದೆ ತಡೆದುಕೊಳ್ಳಬಲ್ಲುದೋ ಅದಕ್ಕಿಂತ ಕಡಿಮೆಯಲ್ಲಿಯೇ ಕರಗುವಂತೆ ಫ್ಯೂಸನ್ನು ಬೇಕೆಂದೇ ದುರ್ಬಲವಾಗಿ ಮಾಡಿದ್ದಾರೆ. ಅದು ಬಲವಾದರೆ ಕರಗುವ ಸರದಿ ತಂತಿಗೆ ಬರುತ್ತದೆ.

ಬೆಳಿಗ್ಗೆ ಅಜ್ಜಿಗೆ ಏನೋ ಸುಟ್ಟ ವಾಸನೆ. ವಯಸ್ಸಾದವರ ಮೂಗನ್ನು ಹಗುರವಾಗಿ ಎಣಿಸಬಾರದು. ವಾಹನ ಊರೊಳಗಿನ ಮೋಟಾರು ಎಲೆಕ್ಟ್ರಿಕ್ ಅಂಗಡಿಯೊಂದರ ಮುಂದೆ ನಿಂತಿತು. ಅಂಗಡಿಯ ಹುಡುಗ ಪೆಟ್ಟಿಗೆ ತೆರೆದ ಕೂಡಲೇ ಹಸಿರು ಬಿಲ್ಲೆಯ ಮೇಲೆ ಬೆರಳಿಟ್ಟ.

“ಇದನ್ನ ಯಾರ್ ಹಾಕಿದ್ರಿ ಸಾರ್?”

“ನಾನೇ ಕಣಪ್ಪಾ. ಹತ್ತರದು ಮೂರು ಹೋಯಿತು. ಮೂವತ್ತರದು ನಿಂತಿತು.”

“ನಿಂತೈತ್ರಿ, ಖರೆ. ಅದು ನಿಂತಿದ್ದಕ್ಕ ವೈರು ಬೆಂದೈತಿ, ನೋಡ್ರಿಲ್ಲಿ.”

ಮಕ್ಕಳ ಮಂಚದ ಕೆಳಗಿನ ಹಲಗೆಯನ್ನು ಬಿಚ್ಚಿದಾಗ ತಂತಿಯ ಕೆಂಪು ಹೊದಿಕೆ ಕಂದಾಗಿ, ಮುಟ್ಟಿದರೆ ಉದುರುವಂತಾಗಿತ್ತು. ಹಿಂಬದಿಯ ಬಾಗಿಲ ಬಳಿ ತಗಡಿನ ಅಂಚಿಗೆ ಅದು ತಾಗಿಕೊಂಡಿತ್ತು. ದಾರಿಯ ಕುಲುಕಾಟಕ್ಕೆ ಅಂಚು ಹೊದಿಕೆಯನ್ನು ತಿಕ್ಕಿ ತಿಕ್ಕಿ ಸವೆಸಿ, ತಾಮ್ರದ ಎಳೆ ವಾಹನದ ಮೈಗೆ ಸೋಂಕುತ್ತಿತ್ತು. ವಾಹನದ ಮೈಯೇ ಬ್ಯಾಟರಿಯ ಋಣತುದಿಗೆ ಸೇರಿರುವುದರಿಂದ ಪ್ರವಾಹಕ್ಕೆ ಅದೊಂದು ಅಡ್ಡದಾರಿ ಆಯಿತು. ಮೂರು ಕೆಂಪು ಬಿಲ್ಲೆಗಳೂ ಇದೇ ಸುದ್ದಿಯನ್ನು ಹೇಳಿ ಪ್ರಾಣ ಬಿಟ್ಟಿದ್ದುವು. ಮೇಲೆ ಹತ್ತಿಯ ಹಾಸಿಗೆ, ಅದರ ಮೇಲೆ ಎರಡು ಮಕ್ಕಳು, ಹೊರಗೆ ಒಣ ಸೊಪ್ಪೆಯ ಬಣವೆ. ತಾಯಿ ಆ ತಂತಿಯ ತುಂಡನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಮಾತನಾಡಲಿಲ್ಲ.

ಹುಡುಗ ಬೆಂದ ತಂತಿಯನ್ನೆಲ್ಲ ಕಿತ್ತು ಹೊಸದನ್ನು ಎಳೆದ. ತಗಡಿಗೆ ತೂತು ಕೊರೆದಿದ್ದಲ್ಲಿ ರಬ್ಬರಿನ ಬಳೆ ತೊಡಿಸಿದ. ಅಲುಗದಂತೆ ಅಲ್ಲಲ್ಲಿ ಪಟ್ಟಿ ಬಿಗಿದ. ಬ್ಯಾಟರಿಯ ಧನತುದಿಯಿಂದ ಹೊರಟ ದಪ್ಪ ತಂತಿಗೆ ಅಲ್ಲಿಯೇ, ಗೇಣುದೂರದೊಳಗೆ, ದೊಡ್ಡ ಫ್ಯೂಸು ಇದೆಯೇ ಎಂದು ನೋಡಿದ, ಇತ್ತು. ಇದು ಬಹಳ ಮುಖ್ಯ. ಫ್ಯೂಸು ದೂರದಲ್ಲಿದ್ದರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ತಂತಿಗೆ ಕಾವಲೇ ಇಲ್ಲ. ಕಟ್ಟಕಡೆಗೆ ಒಂದು ಕೆಂಪು ಬಿಲ್ಲೆಯನ್ನು ಒತ್ತಿದ. ಅದು ನಿಂತಿತು, ಈ ಸಲ ನಿಲ್ಲಬೇಕಾದ ಕಾರಣಕ್ಕೆ.

ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿ ದೂರವಲ್ಲ. ಊರಿನಲ್ಲಿ ಸಂತೆಯ ಗಡಿಬಿಡಿಯಿದ್ದರೂ ಅದೇ ತಾಲ್ಲೂಕಿನ ಅಂಕಸಮುದ್ರದ ಕೆರೆಯಲ್ಲಿ ಬೇರೆಯೇ ಒಂದು ಲೋಕ. ನೀರಿನ ನಡುವಿನ ಜಾಲಿಮರಗಳ ಮೇಲೆ ಕೊಕ್ಕರೆ, ನೀರುಕಾಗೆಗಳ ಸಂಸಾರ. 2024ರಲ್ಲಿ ಈ ಕೆರೆಗೆ ರಾಮ್‌ಸಾರ್ ಪಟ್ಟಿಯಲ್ಲಿ ಸ್ಥಾನ ದೊರೆಯಿತು. ಸಂಜೆ ಹಕ್ಕಿಗಳು ಮರಳುವ ಹೊತ್ತಿನಲ್ಲಿ ಜನರೇಟರಿನ ಗದ್ದಲವೆಬ್ಬಿಸುವುದು ಅನಾಗರಿಕತೆ. ಬ್ಯಾಟರಿಯ ಮೌನವೇ ಅಲ್ಲಿಗೆ ತಕ್ಕದ್ದು. ಆದರೆ ಬ್ಯಾಟರಿಗೆ ಲೆಕ್ಕ ಬೇಕು.

ಲೆಕ್ಕ ಸುಲಭ. ಉಪಕರಣದ ಮೇಲಿರುವ ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರು. 24 ವ್ಯಾಟಿನ ಫ್ಯಾನು 2 ಆಂಪಿಯರು. ಎಂಟು ಗಂಟೆ ತಿರುಗಿದರೆ 16. ನಾಲ್ಕು ದೀಪ ಒಟ್ಟಿಗೆ 2 ಆಂಪಿಯರು. ನಾಲ್ಕು ಗಂಟೆಗೆ 8. ಶೀತಪೆಟ್ಟಿಗೆ 5 ಆಂಪಿಯರು; ಹತ್ತು ಗಂಟೆಯ ರಾತ್ರಿಯಲ್ಲಿ ಅರ್ಧಕಾಲ ಓಡಿದರೂ 25. ಕೂಡಿದರೆ 49. 100 ಆಂಪಿಯರು-ಗಂಟೆಯ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಸ್ಸು ಕುಗ್ಗುತ್ತದೆ. ಆದುದರಿಂದ ಕೈಯಲ್ಲಿರುವುದು 50. ಒಂದು ಆಂಪಿಯರು-ಗಂಟೆ ಉಳಿತಾಯ! ಇಂಥದರಲ್ಲಿ ಇನ್ವರ್ಟರಿಗೆ ಅನ್ನದ ಕುಕ್ಕರನ್ನು ಸಿಕ್ಕಿಸಿದರೆ ಏನಾಗುತ್ತದೆ? 700 ವ್ಯಾಟಿನ ಕುಕ್ಕರು 12 ವೋಲ್ಟಿನ ಬ್ಯಾಟರಿಯಿಂದ ಅರುವತ್ತು ಆಂಪಿಯರಿಗೂ ಮಿಕ್ಕಿ ಎಳೆಯುತ್ತದೆ. ಮನೆಯಲ್ಲಿ 230 ವೋಲ್ಟಿನಲ್ಲಿ ಅದಕ್ಕೆ ಬೇಕಾದದ್ದು ಬರಿಯ ಮೂರು. ವೋಲ್ಟು ಕಡಿಮೆಯಾದಷ್ಟೂ ಪ್ರವಾಹ ಹೆಚ್ಚು, ತಂತಿ ದಪ್ಪ. ಬೆರಳುಗಾತ್ರದ ತಂತಿ ಇನ್ವರ್ಟರಿಗೆ ಹೋಗಿರುವುದು ಇದಕ್ಕೇ. ಗೃಹಿಣಿ ಈ ಲೆಕ್ಕವನ್ನು ಕೇಳಿ ಅನ್ನವನ್ನು ಗ್ಯಾಸಿನ ಒಲೆಯ ಮೇಲಿಟ್ಟರು.

ಹೂವಿನಹಡಗಲಿಗೆ ಹೆಸರು ತಂದದ್ದು ಅದರ ಮಲ್ಲಿಗೆ. ವಿಜಯನಗರದ ಕಾಲದಲ್ಲಿ ಇಲ್ಲಿಂದ ಹಂಪೆಗೆ ಹೂವು ಹೋಗುತ್ತಿತ್ತೆಂದು ಜನ ಹೇಳುತ್ತಾರೆ. ಇಂದು ಹಡಗಲಿ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮನ್ನಣೆಯೂ ಇದೆ. ಅಲ್ಲಿಂದ ಮೈಲಾರಕ್ಕೆ ಹೋಗುವಾಗ ಮೋಟಾರುಮನೆಗೆ ಬಂಡಿಗಳ ಸಾಲು ಎದುರಾಗುತ್ತದೆ. ತುಂಗಭದ್ರೆಯ ದಂಡೆಯ ಬಯಲಿನಲ್ಲಿ ಒಂದು ರಾತ್ರಿಯಲ್ಲಿ ಊರೇ ಹುಟ್ಟಿದೆ. ಟ್ರ್ಯಾಕ್ಟರಿನ ಬ್ಯಾಟರಿಯಿಂದ ಎಳೆದ ತಂತಿಗೆ ತಾಡಪಾಲಿನ ಕೆಳಗೆ ಒಂದು ಬಲ್ಬು, ಅದರ ಕೆಳಗೆ ರೊಟ್ಟಿ ತಟ್ಟುವ ಹೆಂಗಸರು, ಹುಲ್ಲು ಮೆಲ್ಲುವ ಎತ್ತುಗಳು. ಕಂಬಳಿಯ ಗೊರವಯ್ಯಗಳ ಡಮರು, ಏಳುಕೋಟಿಯ ಕೂಗು, ಭಂಡಾರದ ಹಳದಿ ಧೂಳು.

ಅಂಗಡಿಸಾಲಿಗೆ ಕೊಟ್ಟಿರುವ ತಾತ್ಕಾಲಿಕ ಕರೆಂಟಿನಿಂದ ಮೋಟಾರುಮನೆಗೊಂದು ತಂತಿ ಎಳೆಯೋಣವೇ ಎಂಬ ಆಸೆ ಇಲ್ಲಿ ಹುಟ್ಟುವುದು ಸಹಜ. ಇಲ್ಲಿ ಅಪಾಯದ ಜಾತಿಯೇ ಬೇರೆ. 12 ವೋಲ್ಟು ಮನುಷ್ಯನಿಗೆ ಷಾಕು ಹೊಡೆದು ಕೊಲ್ಲುವಂಥದಲ್ಲ, ಅದು ಕೊಲ್ಲುವುದಾದರೆ ಬೆಂಕಿಯಿಂದ. 230 ವೋಲ್ಟು ಮುಟ್ಟಿದರೇ ಕೊಲ್ಲಬಲ್ಲುದು. ಆಗ ಫ್ಯೂಸನ್ನು ನಂಬುವಂತಿಲ್ಲ. 10 ಆಂಪಿಯರೆಂದರೆ 10,000 ಮಿಲಿಆಂಪಿಯರು. ಅದರ ನೂರರಲ್ಲೊಂದು ಪಾಲು ಎದೆಯ ಮೂಲಕ ಹರಿದರೂ ಪ್ರಾಣಕ್ಕೆ ಸಂಚಕಾರ. ಮನುಷ್ಯ ಸತ್ತ ಸುದ್ದಿ ಫ್ಯೂಸಿಗೆ ತಿಳಿಯುವುದೇ ಇಲ್ಲ. ಅದಕ್ಕೆಂದೇ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚು ಬೇಕು. ಹೋದ ಪ್ರವಾಹವೆಲ್ಲ ಮರಳಿ ಬಂದಿತೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. ವ್ಯತ್ಯಾಸ 30 ಮಿಲಿಆಂಪಿಯರು ಮುಟ್ಟುವಷ್ಟರಲ್ಲಿ ಕಣ್ಣು ಮಿಟುಕಿಸುವುದರೊಳಗೆ ಸಂಬಂಧ ಕಡಿಯುತ್ತದೆ. ಅದರ ಮೇಲೊಂದು ಪರೀಕ್ಷೆಯ ಗುಂಡಿ ಇರುತ್ತದೆ. ಕರೆಂಟು ಜೋಡಿಸಿದ ಮೇಲೆ ಗುಂಡಿಯೊತ್ತಿದಾಗ ಸ್ವಿಚ್ಚು ಕೆಳಗೆ ಬೀಳದಿದ್ದರೆ ಆ ತಂತಿಯನ್ನು ಕಿತ್ತು ಸುತ್ತಿಡುವುದೇ ಸರಿ. ಭೂಮಿತಂತಿ ಇಲ್ಲದ ಎರಡು ಕಾಲಿನ ಪ್ಲಗ್ಗಿನಿಂದ ತಗಡಿನ ಮನೆಗೆ ಕರೆಂಟು ತರುವುದಂತೂ ಹುಚ್ಚು ಸಾಹಸ. ಒಳಗೆ ಎಲ್ಲಿ ಸೋರಿದರೂ ಇಡೀ ಮನೆಯೇ ಮುಟ್ಟಬಾರದ ತಂತಿಯಾಗುತ್ತದೆ. ಯಜಮಾನರು ಈ ಸಲ ಕೊಟ್ಟೂರಿನ ಪಾಠ ಮರೆಯಲಿಲ್ಲ, ತಂತಿ ಎಳೆಯಲಿಲ್ಲ.

ಡೆಂಕನಮರಡಿಯಲ್ಲಿ ಕಾರ್ಣಿಕದ ಹೊತ್ತು. ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಆ ಜನಸಾಗರದಲ್ಲಿ ಕೂಸೂ ಅಳುವುದಿಲ್ಲ. ಒಂದೇ ಸಾಲು ದೇವವಾಣಿ. ಮರುಕ್ಷಣವೇ ಅವನು ಮೇಲಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಮಳೆಯೋ ಬೆಳೆಯೋ ರಾಜ್ಯವೋ ಎಂಬ ಚರ್ಚೆ ಬಂಡಿಬಂಡಿಯಲ್ಲಿ ಆರಂಭವಾಗುತ್ತದೆ. ಅಜ್ಜಿಯ ಹರಕೆ ತೀರಿತು.

ಮರಳುವ ದಾರಿ ಹರಪನಹಳ್ಳಿಯ ಮೇಲೆ. ಈ ತಾಲ್ಲೂಕಿನ ಅದೃಷ್ಟವೇ ವಿಚಿತ್ರ: ಬಳ್ಳಾರಿಯಲ್ಲಿದ್ದುದು 1997ರಲ್ಲಿ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂದಿತು, 2021ರಲ್ಲಿ ಇತರ ಐದು ತಾಲ್ಲೂಕುಗಳ ಜೊತೆಗೆ ವಿಜಯನಗರ ಜಿಲ್ಲೆಗೆ ಸೇರಿತು. ಬಾಗಳಿಯ ಕಲ್ಲೇಶ್ವರನಿಗೆ ಇದಾವುದರ ಚಿಂತೆಯೂ ಇಲ್ಲ. 987ರ ಶಾಸನವಿರುವ ಆ ಗುಡಿಯ ಕಂಬಗಳ ನುಣುಪು ಈಗಲೂ ಕಣ್ಣಿಗೆ ಹಬ್ಬ. ಸುತ್ತಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತವೆ.

ಪೇಟೆಯ ಅಂಗಡಿಯಲ್ಲಿ ಯಜಮಾನರು ಕೆಂಪು, ನೀಲಿ, ಹಳದಿ ಬಿಲ್ಲೆಗಳನ್ನು ಐದೈದರಂತೆ ಕೊಂಡರು. ಮಕ್ಕಳು ಗುಡಿಯ ನೆರಳಿನಲ್ಲಿ ಕುಳಿತು ಫ್ಯೂಸುಪೆಟ್ಟಿಗೆಗೆ ಚೀಟಿ ಬರೆದರು. ಒಂದೊಂದೇ ಬಿಲ್ಲೆ ಕೀಳುವುದು, ಯಾವುದು ನಿಂತಿತೆಂದು ನೋಡುವುದು, ಬರೆಯುವುದು: ಮುಂದಿನ ದೀಪ, ಹಿಂದಿನ ದೀಪ ಮತ್ತು ಫ್ಯಾನು, ನೀರಿನ ಪಂಪು, ಶೀತಪೆಟ್ಟಿಗೆ. ಕೊನೆಯ ಬಿಲ್ಲೆಯೊಂದನ್ನು ಕಿತ್ತಾಗ ಮಾತ್ರ ಏನೂ ನಿಲ್ಲಲಿಲ್ಲ. ಅದನ್ನು ಹಾಗೆಯೇ ತೆಗೆದಿಟ್ಟುಕೊಂಡು ಹೊರಟರು. ಹರಿಹರದಲ್ಲಿ ಕತ್ತಲಾದ ಮೇಲೆ ಬಾಗಿಲು ತೆರೆದು ಇಳಿಯಹೋದ ಅಜ್ಜಿ ಮೆಟ್ಟಿಲು ಕಾಣದೆ ನಿಂತರು. ಚಿಕ್ಕ ಹುಡುಗಿ ಬಿಲ್ಲೆಯನ್ನು ಮರಳಿ ಒತ್ತಿ ಐದನೆಯ ಚೀಟಿಯಲ್ಲಿ ‘ಅಜ್ಜಿಯ ಮೆಟ್ಟಿಲು’ ಎಂದು ಬರೆದಳು.