ಮೊದಲು ರಿಮೋಟು, ಆಮೇಲೆ ಕ್ಯಾಮೆರಾ

ಯಕ್ಷಗಾನದ ಬಣ್ಣದ ವೇಷದ ತೆರೆ ಕುಣಿತವನ್ನು ಇಷ್ಟು ನಿಧಾನವಾಗಿ ಹತ್ತಿರಕ್ಕೆ ತಂದುಕೊಳ್ಳಬಹುದು ಎಂಬುದು ನನಗೆ ಈಚೆಗೆ ಸಿಕ್ಕ ಸುಖ. ತೆರೆಯ ಮೇಲೆ ಕಿರೀಟದ ಅಂಚು, ಕೆಳಗೆ ಗೆಜ್ಜೆ ಕಟ್ಟಿದ ಪಾದ, ಚೆಂಡೆ ಏರುತ್ತಿದೆ. ಸಭೆಯ ಹಿಂದೆ ಮೇಜಿನ ಮೇಲಿರುವ ಜಾಯ್‌ಸ್ಟಿಕ್ಕನ್ನು ಕೂದಲೆಳೆಯಷ್ಟು ತಿರುವಿದರೆ ರಂಗಸ್ಥಳದ ಬದಿಯ ಕಂಬಕ್ಕೆ ಬಿಗಿದ ಕ್ಯಾಮೆರಾ ಝೂಮ್ ಆಗತೊಡಗುತ್ತದೆ. ಎಲ್ಲಿ ಶುರುವಾಯಿತೆಂದು ನೋಡುವವರಿಗೆ ಗೊತ್ತಾಗುವುದಿಲ್ಲ. ತೆರೆ ಸರಿಯುವ ಹೊತ್ತಿಗೆ ಮುಖವೇ ಪರದೆ ತುಂಬಿರುತ್ತದೆ, ಚುಟ್ಟಿಯ ಒಂದೊಂದು ಬಿಳಿ ಮುಳ್ಳೂ ಎಣಿಸುವಂತೆ.

ಈ ಸುಖ ಕೊಟ್ಟದ್ದು ಕ್ಯಾಮೆರಾ ಅಲ್ಲ, ರಿಮೋಟು. ಆಟ ಚಿತ್ರೀಕರಿಸಲು ಹೊರಟವರಿಗೆ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಸೆನ್ಸರ್ ಎಷ್ಟು ದೊಡ್ಡದು, ಫೋರ್‌ಕೆ ಇದೆಯೇ ಎಂದೆಲ್ಲ ವಿಚಾರಿಸುತ್ತಾರೆ, ಇದ್ದ ಹಣವನ್ನೆಲ್ಲ ಕ್ಯಾಮೆರಾಕ್ಕೆ ಸುರಿಯುತ್ತಾರೆ. ರಿಮೋಟು ಮಾತ್ರ ಡಬ್ಬಿಯ ಜೊತೆ ಬಂದದ್ದೇ ಆಗುತ್ತದೆ ಎನ್ನುತ್ತಾರೆ. ಡಬ್ಬಿಯ ಜೊತೆ ಬರುವುದು ಟಿವಿ ರಿಮೋಟಿನಂಥ ಇನ್‌ಫ್ರಾರೆಡ್ ಕಡ್ಡಿ. ಅದರ ಗುಂಡಿಗೆ ಗೊತ್ತಿರುವುದು ಎರಡೇ: ಓಡು, ನಿಲ್ಲು. ಅಭಿನಯದ ನಡುವೆ ಚಿತ್ರ ಗಕ್ಕನೆ ಹೊರಟು ಗಕ್ಕನೆ ನಿಂತರೆ ಆ ಪದ್ಯ ಕೆಟ್ಟಿತು. ಸಾಲದ್ದಕ್ಕೆ ಮೂರು ಕ್ಯಾಮೆರಾಗಳಿಗೂ ಒಂದೇ ನಂಬರಿದ್ದರೆ ಒಂದು ಗುಂಡಿಗೆ ಮೂರೂ ಕತ್ತು ಹೊರಳಿಸುತ್ತವೆ. ಒಂದಕ್ಕೆ 1, ಇನ್ನೊಂದಕ್ಕೆ 2, ಮತ್ತೊಂದಕ್ಕೆ 3 ಎಂದು ಮೊದಲೇ ಕೊಟ್ಟಿರಬೇಕು. ಆಮೇಲೆ ಕ್ಯಾಮೆರಾದ ಮುಂಭಾಗದ ಇನ್‌ಫ್ರಾರೆಡ್ ಕಣ್ಣಿಗೆ ಕಪ್ಪು ಟೇಪು ಅಂಟಿಸಿ, ವೈರಿನಿಂದಲೇ ನಡೆಸಬೇಕು. ಸೋನಿಯವರು ರೂಪಿಸಿದ ವಿಸ್ಕಾ ಪದ್ಧತಿಯಲ್ಲಿ ಒಂದರಿಂದ ಒಂದಕ್ಕೆ ಎಳೆದ ಸರಣಿಯಲ್ಲಿ ಏಳು ಕ್ಯಾಮೆರಾಗಳ ತನಕ ಕೂರಿಸಬಹುದು. ಬಯಲಾಟಕ್ಕೆ ಮೂರು ಧಾರಾಳ. ಸಾಮಾನ್ಯ ಹ್ಯಾಂಡಿಕ್ಯಾಮ್ ಇದ್ದವರು ಅದರಲ್ಲಿ ಲ್ಯಾಂಕ್ ಎಂಬ 2.5 ಮಿಲಿಮೀಟರಿನ ತೂತು ಇದೆಯೇ ನೋಡಲಿ. ಇದ್ದರೆ ಟ್ರೈಪಾಡಿನ ಹಿಡಿಗೇ ಝೂಮ್ ಗುಂಡಿ ಬರುತ್ತದೆ, ಕ್ಯಾಮೆರಾ ಮುಟ್ಟಿ ಅಲುಗಿಸುವ ಕೆಲಸವಿಲ್ಲ.

ಅಂಗಡಿಯಲ್ಲಿ ನಾನು ಮಾಡುವ ಪರೀಕ್ಷೆ ಒಂದೇ. ಮನಸ್ಸಿನಲ್ಲೇ ವಿಳಂಬದ ಒಂದು ಪದ್ಯ ಹಿಡಿಯುತ್ತೇನೆ. ಪಲ್ಲವಿಗೆ ಜಾಯ್‌ಸ್ಟಿಕ್ ತಿರುವಲು ಶುರುಮಾಡಿದರೆ ಚರಣ ಮುಗಿಯುವಾಗ ಝೂಮ್ ಮುಗಿಯಬೇಕು. ಮೊದಲ ಕ್ಷಣದಲ್ಲಿ ಚಿತ್ರ ಜಿಗಿಯಬಾರದು, ಕೊನೆಯಲ್ಲಿ ಹಿಂದಕ್ಕೆ ಒದೆಯಬಾರದು. ಇಷ್ಟಾಗದ ರಿಮೋಟನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಮುಟ್ಟುವುದಿಲ್ಲ. ಇಷ್ಟಾದರೆ, ಅದರ ಮಾತು ಕೇಳುವ ಕ್ಯಾಮೆರಾ ಯಾವುದೋ ಅದನ್ನೇ ಕೊಳ್ಳುತ್ತೇನೆ, ಒಂದೇ ಮಾದರಿಯದ್ದನ್ನು ಮೂರು. ಒಂದು ದುಬಾರಿಯದ್ದು, ಎರಡು ಹಳೆಯವು ಎಂಬ ಲೆಕ್ಕ ಯಕ್ಷಗಾನಕ್ಕೆ ಆಗಿಬರುವುದಿಲ್ಲ. ಒಂದರಲ್ಲಿ ಕಡುಗೆಂಪಾದ ದಗಲೆ ಇನ್ನೊಂದರಲ್ಲಿ ಕಿತ್ತಳೆಯಾಗುತ್ತದೆ. ಕಟ್ ಆದಾಗಲೆಲ್ಲ ವೇಷ ಬಟ್ಟೆ ಬದಲಿಸಿದಂತೆ ಕಂಡರೆ ಯಾರು ನೋಡುತ್ತಾರೆ?

ಮದುವೆ ಚಿತ್ರೀಕರಣದಿಂದ ಬಂದವರು ತಮ್ಮ ಸ್ಟಿಲ್ ಕ್ಯಾಮೆರಾ ಹಿಡಿದೇ ಬರುತ್ತಾರೆ. ಅವುಗಳಲ್ಲಿ ಹಲವು 29 ನಿಮಿಷ 59 ಸೆಕೆಂಡಿಗೆ ತಾವಾಗಿಯೇ ನಿಲ್ಲುತ್ತವೆ. ಅರ್ಧ ಗಂಟೆ ದಾಟಿ ರೆಕಾರ್ಡ್ ಮಾಡುವುದನ್ನು ಯುರೋಪಿನಲ್ಲಿ ವಿಡಿಯೋ ಕ್ಯಾಮೆರಾ ಎಂದೆಣಿಸಿ ಹೆಚ್ಚು ಸುಂಕ ಹಾಕುತ್ತಿದ್ದರು, ಅದನ್ನು ತಪ್ಪಿಸಲು ತಯಾರಕರು ಇಟ್ಟ ಮಿತಿ ಅದು. ತಾಳಮದ್ದಳೆಯಲ್ಲಿ ಒಬ್ಬ ಅರ್ಥಧಾರಿಯ ಪೀಠಿಕೆಗೇ ಅಷ್ಟು ಹೊತ್ತು ಬೇಕು. ಎಲ್ಲಿಯದೋ ಸುಂಕಕ್ಕೆ ನಮ್ಮ ಕರ್ಣನ ಮಾತು ಅರ್ಧಕ್ಕೆ ತುಂಡಾಗುವುದನ್ನು ನಾನು ಸಹಿಸಲಾರೆ. ಇನ್ನು ಕೆಲವರು ಶಟರನ್ನು 60ಕ್ಕೆ ಇಟ್ಟು ಬರುತ್ತಾರೆ. ನಮ್ಮ ಕರೆಂಟು 50 ಹರ್ಟ್ಸಿನದು, ದೀಪ ಸೆಕೆಂಡಿಗೆ ನೂರು ಸಲ ಮಿಡಿಯುತ್ತದೆ. ಸೆಕೆಂಡಿಗೆ 25 ಫ್ರೇಮು, ಐವತ್ತರಲ್ಲೊಂದು ಸೆಕೆಂಡಿನ ಶಟರು ಇಟ್ಟರೆ ಪಟ್ಟೆ ಹರಿದಾಡುವುದಿಲ್ಲ. ಇದನ್ನು ಇನ್ನೂ ಹೇಳಬೇಕಾಗಿರುವುದೇ ಬೇಸರ.

ನಿಜವಾದ ಸಿಟ್ಟು ಬರುವುದು ಪಾದ ಕತ್ತರಿಸುವವರ ಮೇಲೆ. ಕೈಯಲ್ಲಿ ಝೂಮ್ ಇದೆಯೆಂದು ಇಡೀ ರಾತ್ರಿ ಎದೆಯಿಂದ ಮೇಲೇ ತೋರಿಸುತ್ತಾರೆ. ಬಿಡ್ತಿಗೆ ಆಗಲೇ ಹೆಜ್ಜೆ ಬಿದ್ದಿರುತ್ತದೆ, ಪರದೆಯಲ್ಲಿ ಬರೀ ಭುಜಕೀರ್ತಿ ಅಲ್ಲಾಡುತ್ತಿರುತ್ತದೆ. ಇಲ್ಲವೇ ಚೆಂಡೆಯ ಪೆಟ್ಟಿಗೊಂದು ಕಟ್. ಅಭಿನಯಿಸುತ್ತಿರುವಾಗಲೇ ವೇಷಧಾರಿ ಭಾಗವತರ ಕಡೆಗೊಮ್ಮೆ ಓರೆಯಾಗಿ ನೋಡುತ್ತಾನೆ, ಭಾಗವತರು ಅದನ್ನು ಹಿಡಿದು ಚರಣವನ್ನು ಮತ್ತೆ ಎತ್ತಿಕೊಳ್ಳುತ್ತಾರೆ. ಯಕ್ಷಗಾನವೆಂದರೆ ನನಗೆ ಆ ಕೊಡುಕೊಳ್ಳುವಿಕೆ. ಬಡಗಿನಲ್ಲಿ ಹಿಮ್ಮೇಳ ಹಿಂದೆ ಇರುವುದರಿಂದ ಇಬ್ಬರೂ ಒಂದೇ ಚೌಕಟ್ಟಿಗೆ ಬರುತ್ತಾರೆ. ತೆಂಕಿನಲ್ಲಿ ಹಿಮ್ಮೇಳ ಬದಿಗೆ, ಅಲ್ಲಿ ಎರಡನೆಯ ಕ್ಯಾಮೆರಾವನ್ನು ಓರೆಯಾಗಿಟ್ಟರೆ ಮಾತ್ರ ಇಬ್ಬರೂ ಸಿಗುತ್ತಾರೆ. ಎಲ್ಲಿ ಇಡಬೇಕೆಂದು ಲೆನ್ಸು ಹೇಳುವುದಿಲ್ಲ, ಆಟ ನೋಡಿ ಗೊತ್ತಿರುವವರು ಹೇಳಬೇಕು.

ಭಾಗವತ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ತೀರಿಕೊಂಡರು. ಅವರನ್ನು ಕಣ್ಣಾರೆ ಕಾಣದವರಿಗೂ ಅವರ ದನಿಯ ಗುರುತಿದೆ, ಕ್ಯಾಸೆಟ್ಟುಗಳು ಮನೆಮನೆಗೆ ಹೋಗಿದ್ದವು. ಪದ ಎತ್ತುವ ಮೊದಲು ಅವರ ಕಣ್ಣು ಯಾರ ಮೇಲಿರುತ್ತಿತ್ತು, ತಾಳ ಹಿಡಿದ ಕೈ ವೇಷಕ್ಕೆ ಏನು ಸನ್ನೆ ಕೊಡುತ್ತಿತ್ತು ಎಂಬುದನ್ನು ಕ್ಯಾಸೆಟ್ಟು ಹೇಳುವುದಿಲ್ಲ. ಈಗ ಹಾಡುತ್ತಿರುವವರ ವಿಷಯದಲ್ಲಿ ಹೀಗಾಗಲು ಯಾವ ಕಾರಣವೂ ಇಲ್ಲ.

ಆದ್ದರಿಂದ ನನ್ನ ಮೂರನೆಯ ಕ್ಯಾಮೆರಾಕ್ಕೆ ರಿಮೋಟೇ ಇಲ್ಲ. ರಂಗಸ್ಥಳ ಪೂರ್ತಿ, ಪಾದ ಮತ್ತು ಹಿಮ್ಮೇಳ ಸಹಿತ, ಬೀಗ ಬಿಗಿದ ಟ್ರೈಪಾಡು, ಬ್ಯಾಟರಿ ನಂಬದೆ ನೇರ ಕರೆಂಟು, ಅದರದ್ದೇ ಬೇರೆ ಕಾರ್ಡು. ಪೂರ್ವರಂಗಕ್ಕೆ ಮೊದಲು ಒತ್ತಿದರೆ ಮಂಗಳ ಮುಗಿಯುವ ತನಕ ಯಾರೂ ಮುಟ್ಟಕೂಡದು. ಕಟ್ ಮಾಡಿದ ವಿಡಿಯೋ ಊರಿನವರಿಗೆ, ವಿದೇಶದಲ್ಲಿರುವ ಮಕ್ಕಳಿಗೆ ಹೋಗಲಿ. ಕಟ್ ಇಲ್ಲದ ಈ ಫೈಲಿನ ಒಂದು ಪ್ರತಿ ಪೂರ್ವರಂಗದಲ್ಲಿ ಬಾಲಗೋಪಾಲ ಕಟ್ಟುವ ಹುಡುಗರಿಗೆ ಸಿಗಬೇಕು, ಹೆಜ್ಜೆ ಕಲಿಯುತ್ತಿರುವವರು ಅವರು.